ಸಿಸ್ಟರ್ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಅಪ್ಪನಿಗೆ ಇದ್ದದ್ದು ಒಂದೇ ಕಣ್ಣು. ಬಲಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು. ಭದ್ರಾವತಿಯ ಹೊರವಲಯದ ಒಂದು ಸಣ್ಣ ಫೌಂಡ್ರಿಯಲ್ಲಿ ಅವರು ಅಚ್ಚು ಕಟ್ಟುವ ಕೆಲಸದಲ್ಲಿದ್ದರು. ಆ ಫೌಂಡ್ರಿ ಈಗಿಲ್ಲ. ಆ ಜಾಗದಲ್ಲಿ ಸಿಮೆಂಟ್ ಇಟ್ಟಿಗೆ ಪೇರಿಸಿಟ್ಟಿದ್ದಾರೆ. ಅವತ್ತು ಅಚ್ಚಿನ ಮರಳು ಕೊಂಚ ಹಸಿಯಿತ್ತಂತೆ. ಕಾದ ಬೀಡುಕಬ್ಬಿಣ ಸುರಿದಾಗ ಒಂದೇ ಒಂದು ಹನಿ ಮೇಲಕ್ಕೆ ಹಾರಿತು. "ಯಾರನ್ನ ಬೈಯೋದು? ಅಚ್ಚು ಕಟ್ಟಿದ್ದು ನಾನೇ" ಎಂದು ಅಪ್ಪ ಆ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದರು. ಉಳಿದ ಎಡಗಣ್ಣಿನಲ್ಲೇ ನಿವೃತ್ತಿಯವರೆಗೂ ದುಡಿದರು. ಕರಗಿದ ಲೋಹದ ಬಣ್ಣ ನೋಡಿ 'ಇನ್ನೂ ಆಗಿಲ್ಲ', 'ಈಗ ಸುರೀರಿ' ಎಂದು ಹೇಳುವುದು ಅವರ ಪಾಲಿನ ಕೆಲಸ. ಎರಡು ಕಣ್ಣಿದ್ದವರೆಲ್ಲ ಆ ಒಂದು ಕಣ್ಣಿನ ಮಾತು ಕೇಳುತ್ತಿದ್ದರು.

ಆ ಕಣ್ಣಿಗೆ ಪೊರೆ ಬಂತು.

ಅಪ್ಪ ಅದನ್ನು ನನ್ನಿಂದ ಬಹಳ ದಿನ ಮುಚ್ಚಿಟ್ಟರು. ನಡುಮನೆಯ ಟ್ಯೂಬ್‌ಲೈಟ್ ಮಂಕಾಗಿದೆ ಎಂದು ಒಂದೇ ತಿಂಗಳಲ್ಲಿ ಎರಡು ಸಲ ಬದಲಾಯಿಸಿದರು. ಕರೆಂಟಿನವರನ್ನು ಬೈದರು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಹಗಲೆಲ್ಲ ಅವರು ಗೋಡೆ ಸವರಿಕೊಂಡು ಓಡಾಡುತ್ತಾರೆಂದು ನನಗೆ ಗೊತ್ತಾದದ್ದು ಒಂದು ಭಾನುವಾರ. ಅವರು ಕಾಫಿಯನ್ನು ಲೋಟಕ್ಕೆ ಸುರಿಯದೆ ಲೋಟದ ಪಕ್ಕದಲ್ಲಿ, ನೆಟ್ಟಗೆ ಮೇಜಿನ ಮೇಲೆ ಸುರಿದರು. ಕಾದ ಲೋಹವನ್ನು ಒಂದು ಹನಿ ಆಚೀಚೆ ಬೀಳದಂತೆ ಸುರಿಸುತ್ತಿದ್ದ ಕಣ್ಣು ಅದು.

ಆಪರೇಷನ್ ಎಂದರೆ ಅವರು ಒಪ್ಪಲಿಲ್ಲ. "ಎರಡಿದ್ದೋರು ಒಂದನ್ನ ಡಾಕ್ಟ್ರ ಕೈಗೆ ಕೊಡಬಹುದು. ನಂದು ಒಂದೇ. ಅದನ್ನೂ ಕೊಟ್ಟು ಕೂರಲಾ?" ಎಂದರು. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಲೇತ್ ಮಾಮ.

ಲೇತ್ ಮಾಮ ಅಪ್ಪನ ಜೊತೆ ಅದೇ ಫೌಂಡ್ರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸುತ್ತಿದ್ದವರು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗಿದ್ದಾರೆ. ಮನೆಮಾತು ತಮಿಳು, ನಮ್ಮ ಜೊತೆ ಆಡುವುದು ಭದ್ರಾವತಿಯ ಕಾರ್ಖಾನೆ ಕನ್ನಡ. ಅಪ್ಪನನ್ನು ಒಂದು ದಿನವೂ ಹೆಸರಿಟ್ಟು ಕರೆದವರಲ್ಲ.

"ಡೇ ಒಂಟಿಗಣ್ಣ, ಈಗೆಲ್ಲ ಹತ್ತು ನಿಮಿಷದ ಕೆಲ್ಸ ಡಾ. ಸೂಜಿ ಇಲ್ಲ, ಹೊಲಿಗೆ ಇಲ್ಲ. ನನ್ನ ತಂಗಿ ಗಂಡ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೇಲಿ ಊಟಕ್ಕೆ ಕೂತ."

"ನಿಂಗೂ ಪೊರೆ ಬಂದಿದೆ ಅಲ್ವಾ, ನೀನೇ ಮೊದಲು ಹೋಗು."

"ನೀನು ಸೀನಿಯರ್ ಅಲ್ವಾ ಪಾ. ನೀನು ಹೋಗಿ ಬಾ, ಹಿಂದೇನೇ ನಾನು."

ಅಪ್ಪ ನಕ್ಕು ಒಪ್ಪಿದರು.

ಆಪರೇಷನ್ ಶಿವಮೊಗ್ಗದ ಒಂದು ಕಣ್ಣಾಸ್ಪತ್ರೆಯಲ್ಲಿ, ಒಂದು ಸೋಮವಾರ. ಹಿಂದಿನ ವಾರ ಪರೀಕ್ಷೆಗೆ ಹೋದಾಗ ಡಾಕ್ಟರು ಪ್ಲಾಸ್ಟಿಕ್ಕಿನ ಕಣ್ಣಿನ ಮಾದರಿ ಹಿಡಿದು ವಿವರಿಸಿದ್ದರು. ಅಂಚಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಸೀಳು, ಅದರೊಳಗಿಂದ ಪೊರೆಯನ್ನು ಪುಡಿಮಾಡಿ ಹೀರುವ ಯಂತ್ರ, ಮಡಚಿ ತೂರಿಸಿದರೆ ಒಳಗೆ ತಾನೇ ಬಿಚ್ಚಿಕೊಳ್ಳುವ ಲೆನ್ಸ್. ಅಪ್ಪನಿಗೆ ಅಚ್ಚಿನ ಕೆಲಸವನ್ನೇ ಕೇಳಿದಷ್ಟು ಆಸಕ್ತಿ. "ಸೀಳನ್ನ ಮುಚ್ಚೋದು ಹ್ಯಾಗೆ?" ಎಂದರು. "ಮುಚ್ಚಲ್ಲ. ಅದೇ ಮುಚ್ಕೊಳ್ಳುತ್ತೆ" ಎಂದರು ಡಾಕ್ಟರು.

ಆಮೇಲಿನ ಪಾಠ ನರ್ಸ್‌ದು. ನನ್ನ ವಯಸ್ಸಿನವರೇ ಇರಬೇಕು, ಸಾಗರದ ಕಡೆಯವರು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಒಂದು ಖಾಲಿ ಡ್ರಾಪ್ಸ್ ಬಾಟಲಿಗೆ ನೀರು ತುಂಬಿ ಕೊಟ್ಟು, ಅಪ್ಪನ ಮುಂಗೈ ಮೇಲೆ ಒಂದೊಂದೇ ಹನಿ ಬೀಳಿಸಲು ಹೇಳಿದರು. ಬಾಟಲಿಯ ತುದಿ ಚರ್ಮಕ್ಕೆ ತಾಗಿದರೆ "ಇನ್ನೊಂದ್ಸಲ" ಎನ್ನುತ್ತಿದ್ದರು. ಆರು ಸಲ ಮಾಡಿಸಿದರು.

"ಚಿಲಕ ಇಲ್ದೇ ಬರೀ ಮುಂದೆ ಮಾಡಿದ ಬಾಗಿಲು ಇರುತ್ತಲ್ಲ, ಆ ಸೀಳು ಹಾಗೆ ಅಂತ ತಿಳ್ಕೊಳ್ಳಿ. ಸ್ವಲ್ಪ ದಿನ ಯಾರೂ ತಳ್ಳಬಾರದು. ತಲೆಗೆ ನೀರು ಬೇಡ. ಬಗ್ಗೋದು ಬೇಡ. ಉಜ್ಜೋದಂತೂ ಬೇಡ್ವೇ ಬೇಡ. ಮರಳು ಬಿದ್ದ ಹಾಗೆ ಕಿರಿಕಿರಿ ಆಗ್ಬಹುದು, ಅದು ಮರಳಲ್ಲ, ಗಾಯ ಮಾಯೋದು. ನೋವು ಬಂದ್ರೆ, ಕೆಂಪಾದ್ರೆ, ಮಂಜಾದ್ರೆ, ಆ ಗಳಿಗೇಲೇ ನಂಗೆ ಫೋನ್ ಮಾಡಿ" ಎಂದು ಆಸ್ಪತ್ರೆಯ ಕಾರ್ಡಿನ ಮೇಲೆ ನಂಬರ್ ಬರೆದರು.

ಆಮೇಲೆ ಪೆನ್ನು ಮುಚ್ಚದೆ ನನ್ನ ಮುಖ ನೋಡಿ ಕೇಳಿದರು: "ಒಬ್ಬೊಬ್ರ ಮನೇಲಿ ಒಂದೊಂದು ಇರುತ್ತೆ ಮಾರಾಯ್ರೆ. ಕೆಲವ್ರು ನಂದಿಬಟ್ಟಲ ಹೂವಿನ ರಸ ಬಿಡ್ತಾರೆ, ಕೆಲವ್ರು ಹರಳೆಣ್ಣೆ, ಜೇನು, ಎದೆಹಾಲು. ನಿಮ್ಮ ಕಡೆ ಕಣ್ಣಿಗೆ ಏನಾದ್ರೂ ಬಿದ್ರೆ ಏನ್ ಮಾಡ್ತೀರಿ?"

"ಏನೂ ಇಲ್ಲ ಸಿಸ್ಟರ್. ನೀರಲ್ಲಿ ತೊಳೀತೀವಿ ಅಷ್ಟೆ" ಎಂದೆ.

ಸುಳ್ಳು. ಪೂರ್ತಿ ಸುಳ್ಳೆಂದು ಹೇಳಲು ಬಾರದ ಸುಳ್ಳು. ಎಂ.ಎ. ಓದಿದವಳು, ಗ್ರಂಥಾಲಯದಲ್ಲಿ ಕೂರುವವಳು. ಜೇನು ಬಿಡುವವರ ಸಾಲಿಗೆ ನನ್ನನ್ನೂ ಸೇರಿಸಿಬಿಟ್ಟರೆ ಎಂಬ ಒಂದು ಸಣ್ಣ ನಾಚಿಕೆ. ಅಪ್ಪ ಪಕ್ಕದಲ್ಲೇ ಇದ್ದರು. ಅವರೂ ತಲೆಯಾಡಿಸಿದರು.

ನಮ್ಮ ಕಡೆ, ಅಂದರೆ ಆ ಫೌಂಡ್ರಿಯವರ ನಡುವೆ, ಕಣ್ಣಿಗೆ ಬಿದ್ದದ್ದನ್ನು ನಾಲಿಗೆಯಿಂದ ತೆಗೆಯುತ್ತಿದ್ದರು. ಅಲ್ಲಿ ಹೊತ್ತು ಹೊತ್ತಿಗೂ ಕಣ್ಣಿಗೆ ಏನಾದರೂ ಬೀಳುತ್ತಿತ್ತು: ಮರಳು, ಇದ್ದಿಲ ಹುಡಿ, ಲೇತಿನಿಂದ ಹಾರುವ ಕಬ್ಬಿಣದ ಚೂರು. ಬಟ್ಟೆಯ ತುದಿಯಿಂದ ತೆಗೆಯಹೋದರೆ ಗೀರುತ್ತದೆ, ಕೈಗಳೆಲ್ಲ ಎಣ್ಣೆ. ನಾಲಿಗೆಯಷ್ಟು ಮೆದುವಾದದ್ದು, ಮುಳ್ಳಿನ ಮೊನೆಯಷ್ಟನ್ನೂ ತಡಕಬಲ್ಲದ್ದು ಇನ್ನೊಂದಿಲ್ಲ ಎಂಬುದು ಅವರ ತಿಳಿವಳಿಕೆ. ಎಲ್ಲರಿಗೂ ಅದು ಬರುತ್ತಿರಲಿಲ್ಲ. ಲೇತ್ ಮಾಮನಿಗೆ ಬರುತ್ತಿತ್ತು. ಪಕ್ಕದ ಶೆಡ್ಡುಗಳಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರಂತೆ. ಎರಡು ಸಲ ಬಾಯಿ ಮುಕ್ಕಳಿಸುವುದು, ಎರಡು ಬೆರಳಿನಿಂದ ರೆಪ್ಪೆ ಬಿಡಿಸುವುದು, ಉಸಿರು ಹಿಡಿದು ನಾಲಿಗೆಯ ತುದಿಯನ್ನು ಒಂದೇ ಒಂದು ಸಲ ತಾಗಿಸುವುದು. ಸಿಕ್ಕ ಚೂರನ್ನು ಅಂಗೈಗೆ ಹಾಕಿ ತೋರಿಸುವುದೂ ಕ್ರಮದಲ್ಲೇ ಸೇರಿತ್ತು. "ಇಗೋ ನಿನ್ನ ಎನಿಮಿ" ಎನ್ನುತ್ತಿದ್ದರು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನನಗೂ ಒಮ್ಮೆ ಮಾಡಿದ್ದರು. ಬೀಡಿ ಮತ್ತು ಲವಂಗದ ವಾಸನೆ, ಬೆಚ್ಚಗಿನ ಒಂದು ಸ್ಪರ್ಶ, ಮರುಕ್ಷಣ ಕಿರಿಕಿರಿ ಮಾಯ. ಅಷ್ಟು ಹತ್ತಿರ ಬಂದು ಅಷ್ಟು ಜೋಪಾನವಾಗಿ ಯಾರೂ ನನ್ನನ್ನು ಮುಟ್ಟಿದ ನೆನಪಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಇದನ್ನು ನಾನು ಬರೆಯಲೇಬೇಕು. ಮಾರನೆಯ ದಿನ ಕಣ್ಣಿಗೆ ಮುಚ್ಚಿದ್ದ ಕವಚ ತೆಗೆದಾಗ ಅಪ್ಪ ಮೊದಲು ನೋಡಿದ್ದು ಸಿಸ್ಟರನ್ನು. "ನಿಮ್ಮ ಬಟ್ಟೆ ನೀಲೀನಾ? ನಾನು ಬೂದಿ ಬಣ್ಣ ಅಂದ್ಕೊಂಡಿದ್ದೆ" ಎಂದರು. ಪೊರೆಯ ಮೂಲಕ ನೋಡಿದರೆ ಎಲ್ಲಕ್ಕೂ ಹಳದಿ ಮೆತ್ತಿರುತ್ತದೆ, ಮೊದಲು ಸಾಯುವುದು ನೀಲಿಯೇ ಎಂದು ಸಿಸ್ಟರ್ ಹೇಳಿದರು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಕೊನೆಯಿಂದ ಎರಡನೆಯ ಸಾಲಿನವರೆಗೆ ಅಪ್ಪ ಓದಿದರು. ಭದ್ರಾವತಿಗೆ ವಾಪಸು ಬರುವಾಗ ಕಾರಿನಲ್ಲಿ ಒಂದೊಂದು ಬೋರ್ಡನ್ನೂ ಗಟ್ಟಿಯಾಗಿ ಓದುತ್ತಾ ಬಂದರು. ಟೈರ್ ಅಂಗಡಿ, ಬೇಕರಿ, ಗೊಬ್ಬರದ ಅಂಗಡಿ. ನಾನು ಕಿಟಕಿ ಕಡೆ ತಿರುಗಿ ಅತ್ತೆ. ಕಪ್ಪು ಕನ್ನಡಕದೊಳಗಿಂದ ಅವರು ಅದನ್ನೂ ನೋಡಿ, "ಏನಾಯ್ತೇ ನಿಂಗೆ, ಬೋರ್ಡು ತಪ್ಪು ಓದಿದ್ನಾ?" ಎಂದರು.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೇತ್ ಮಾಮ ಬಂದರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಅವರ ಮಾತೆಲ್ಲ ನನಗೆ ಕೇಳುತ್ತಿತ್ತು.

"ಡೇ, ಸಿನಿಮಾ ಹೀರೋ! ಕನ್ನಡಕ ಏನು, ಕಾಲ್ಮೇಲೆ ಕಾಲೇನು!"

"ಬಾರೋ ಮುದುಕ. ನಿನ್ನ ಮುಖ ಈಗ ಸರಿಯಾಗಿ ಕಾಣ್ತಿದೆ. ಪೊರೆ ಇದ್ದಾಗಲೇ ಚೆನ್ನಾಗಿದ್ದೆ."

ಇಬ್ಬರೂ ನಕ್ಕರು. ಆಮೇಲೆ ಅಪ್ಪ ಹೇಳಿದರು: "ಎಲ್ಲಾ ಸರಿ ಇದೆ ಕಣೋ. ಮೂಲೇಲಿ ಒಂದು ಮರಳಿನ ಕಾಳು ಇದ್ದ ಹಾಗೆ. ಬೆಳಿಗ್ಗೆಯಿಂದ ತಡೆಯಕ್ಕಾಗ್ತಿಲ್ಲ."

"ತೋರ್ಸು."

ಕುರ್ಚಿ ಎಳೆದ ಸದ್ದು. ಜಗ್ಗಿನಿಂದ ನೀರು ಬಗ್ಗಿಸಿಕೊಂಡ ಸದ್ದು. ವರಾಂಡದ ಆಚೆ ಬಾಯಿ ಮುಕ್ಕಳಿಸಿ ಉಗುಳಿದ ಸದ್ದು. ಒಂದು. ಎರಡು.

ಆ ಎರಡನೆಯ ಸದ್ದು ಕೇಳಿದಾಗ ನಾನು ಎರಡು ಲೋಟ ಇಟ್ಟ ಟ್ರೇ ಹಿಡಿದು ಬಾಗಿಲಿಗೆ ಬಂದಿದ್ದೆ. ಅಪ್ಪ ಕನ್ನಡಕವನ್ನು ತಾವೇ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಮುಖ ಎತ್ತಿದ್ದರು. ಮಾಮ ಬಾಗಿದ್ದರು. ಎಡಗೈ ಅಪ್ಪನ ನೆತ್ತಿಯ ಮೇಲೆ, ಬಲಗೈಯ ಎರಡು ಬೆರಳು ರೆಪ್ಪೆಯ ಮೇಲೆ.

ಏನಾಗುತ್ತಿದೆಯೆಂದು ನನಗೆ ತಿಳಿಯಲಿಲ್ಲ ಎಂದು ಹೇಳಲಾರೆ. ತಿಳಿಯಿತು. ಆದರೆ ನನ್ನ ಮೈ ಅದನ್ನು ಅಪಾಯವೆಂದು ಗುರುತಿಸಲಿಲ್ಲ. ಮೂರನೇ ಕ್ಲಾಸಿನ ಹುಡುಗಿಯ ಮೈ ಅದನ್ನು ಉಪಕಾರವೆಂದೇ ಗುರುತಿಸಿತು. ತಲೆ ಎಚ್ಚೆತ್ತುಕೊಂಡು 'ಬೇಡ' ಎನ್ನುವಷ್ಟರಲ್ಲಿ ನನಗೆ ಮೊದಲು ತೋಚಿದ್ದು ಟ್ರೇಯನ್ನು ಎಲ್ಲಾದರೂ ಇಡಬೇಕು ಎಂದು. ಪಕ್ಕದಲ್ಲಿ ಮೇಜಿರಲಿಲ್ಲ. ನಾನು ಜಾಗ ಹುಡುಕಿದೆ. ಕಾಫಿ ಚೆಲ್ಲಬಾರದೆಂದು.

ಟ್ರೇಯನ್ನು ನೆಲಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆ ಸದ್ದಿಗೇ ಮಾಮ ಹಿಂದೆ ಸರಿಯುತ್ತಿದ್ದರು. ಅದೆಷ್ಟು ಸಲ ನಾನು ಮನಸ್ಸಿನಲ್ಲಿ ಆ ಟ್ರೇಯನ್ನು ಕೈಬಿಟ್ಟಿದ್ದೇನೋ.

ಮಾಮ ನೆಟ್ಟಗಾಗಿ ಅಂಗೈಗೆ ನಾಲಿಗೆ ಒತ್ತಿ ನೋಡಿದರು. ಒಂದು ಬಿಳಿಯ ರೆಪ್ಪೆಕೂದಲು. "ಇಗೋ ನಿನ್ನ ಎನಿಮಿ" ಎಂದರು.

"ಹಾ... ಈಗ ಆರಾಮಾಯ್ತು" ಎಂದರು ಅಪ್ಪ.

ನಾನು ಮುಂದೆ ಬಂದು, "ಮಾಮ, ಏನಿದು? ಕಣ್ಣು ಮುಟ್ಟಬಾರದು ಅಂದಿದ್ರು" ಎಂದೆ. ನನ್ನ ದನಿ ನನಗೇ ಕೇಳದಷ್ಟು ಸಣ್ಣಗಿತ್ತು.

"ಅಯ್ಯೋ ಪಾಪು, ನಾನೇನು ಉಜ್ಜಿದ್ನಾ? ಹೂವಿನ ಹಾಗೆ ತೆಗ್ದಿದ್ದೀನಿ ನೋಡು" ಎಂದು ನಕ್ಕರು. ನಾನು ಕಾಫಿ ಕೊಟ್ಟೆ. ಕುಡಿದರು.

ಅವರು ಹೋದ ಮೇಲೆ ಮಧ್ಯಾಹ್ನದ ಔಷಧಿಯ ಹನಿಯನ್ನು ಒಂದು ಗಂಟೆ ಮುಂಚೆಯೇ ಹಾಕಿದೆ, ಅದರಿಂದ ತೊಳೆದುಹೋಗುತ್ತದೆ ಎಂಬಂತೆ. ಕಾರ್ಡು ಫ್ರಿಡ್ಜಿನ ಮೇಲೇ ಇತ್ತು. ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಸಿಸ್ಟರಿಗೆ ಹೇಗೆ ಹೇಳುವುದು? ನೀರಲ್ಲಿ ತೊಳೀತೀವಿ ಎಂದಿದ್ದೆನಲ್ಲ.

ಶುಕ್ರವಾರಕ್ಕೆ ನಾನು ಹಾಕಿದ್ದ ರಜೆ ಮುಗಿದಿತ್ತು. ಕೆಲಸಕ್ಕೆ ಹೋದೆ. ಮಧ್ಯಾಹ್ನ ಫೋನ್ ಮಾಡಿದಾಗ ಅಪ್ಪ "ಚೆನ್ನಾಗಿದ್ದೀನಿ" ಎಂದರು. ಸಂಜೆ ಬಂದು ನೋಡಿದರೆ ಹುಬ್ಬಿನ ಮೇಲೆ ಅಂಗೈ ಒತ್ತಿ ಮಲಗಿದ್ದರು. ತಲೆಭಾರ ಎಂದರು. ಕನ್ನಡಕ ತೆಗೆಯಿರಿ ಎಂದಾಗ ಬೆಳಕು ಚುಚ್ಚುತ್ತದೆ ಎಂದರು. ನಾನು ಒಂದು ಪ್ಯಾರಾಸಿಟಮಾಲ್ ಕೊಟ್ಟೆ. ಅದು ನನ್ನ ಇನ್ನೊಂದು ತಪ್ಪು. ಶನಿವಾರ ಬೆಳಿಗ್ಗೆ ಅವರು ಮಂಚದ ಮೇಲೆ ಕೂತು ಕೇಳಿದರು: "ಹೊರಗೆ ಮಂಜು ಬಿದ್ದಿದ್ಯಾ?"

ಹೊರಗೆ ಬಿಸಿಲಿತ್ತು.

ಕಾರಿನಲ್ಲಿ ಶಿವಮೊಗ್ಗಕ್ಕೆ ಹೋಗುವಾಗ ಅಪ್ಪ ಒಂದೂ ಬೋರ್ಡು ಓದಲಿಲ್ಲ. ಊರೊಳಗೆ ಬಸ್ಸುಗಳ ನಡುವೆ ಸಿಕ್ಕಿಬಿದ್ದಾಗ ಮಾತ್ರ, "ನಾನು ಕೇಳಿದೆ, ಅವನು ತೆಗೆದ. ಅವನ ಹೆಸರು ಬರಬಾರದು" ಎಂದರು.

ಸಿಸ್ಟರ್ ಟಾರ್ಚ್ ಹಿಡಿದು ನೋಡಿ ಮುಖ ಎತ್ತಲಿಲ್ಲ. ಕಣ್ಣಿನ ಕೆಳಗಿನ ಅಂಚಿನಲ್ಲಿ ಬಿಳಿಯ ಕೀವು ಬಟ್ಟಲಿನ ತಳದಲ್ಲಿ ನಿಂತ ಮಜ್ಜಿಗೆಯಂತೆ ನಿಂತಿತ್ತು. ಅದು ನನಗೂ ಕಂಡಿತು. "ಅಪ್ಪಾಜಿ, ಕಣ್ಣಿಗೆ ಏನಾದ್ರೂ ತಾಗಿತ್ತಾ? ಯಾರಾದ್ರೂ ಮುಟ್ಟಿದ್ರಾ?"

"ಇಲ್ಲಮ್ಮ. ಯಾರೂ ಇಲ್ಲ."

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಡಾಕ್ಟರನ್ನು ಕರೆಯಲು ಹೊರಟಾಗ ಕಾರಿಡಾರಿನಲ್ಲಿ ಹಿಂದೆಯೇ ಹೋಗಿ ಅವರ ತೋಳು ಹಿಡಿದೆ. ಹೇಳಿದೆ. ಹೇಳಲು ಐದು ಮಾತೂ ಬೇಕಾಗಲಿಲ್ಲ.

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ಯಾವತ್ತು?"

"ಗುರುವಾರ. ಅವರು ಎರಡು ಸಲ ಬಾಯಿ ತೊಳ್ಕೊಂಡಿದ್ರು ಸಿಸ್ಟರ್."

"ತೊಳೆದ್ರೆ ಹೋಗೋದಲ್ಲ ಮಾರಾಯ್ತಿ ಅದು" ಎಂದವರೇ ಓಡಿದರು. ಬೈಯಲಿಲ್ಲ. ಬೈಯುತ್ತಾರೆಂಬ ಹೆದರಿಕೆಯಲ್ಲಿ ನಾನು ಎರಡು ದಿನ ಕಳೆದಿದ್ದೆ.

ಬಾಯಲ್ಲಿ ತಣ್ಣಗಿರುವ ಕ್ರಿಮಿಗಳೇ ಕಣ್ಣಿನೊಳಗೆ ಸೇರಿದರೆ ಗಂಟೆಗಳ ಲೆಕ್ಕದಲ್ಲಿ ಹಾಳು ಮಾಡುತ್ತವೆ ಎಂದು ಡಾಕ್ಟರು ಹೇಳಿದರು. ಒಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಕಣ್ಣಿನೊಳಕ್ಕೇ ಔಷಧಿ ಚುಚ್ಚಿದರು. ಭಾನುವಾರ ಮತ್ತೆ ಆಪರೇಷನ್ ಕೋಣೆಗೆ ಒಯ್ದು ಒಳಗಿನದನ್ನೆಲ್ಲ ತೊಳೆದರು. ನಾನು ಕೇಳಲಾರದೆ ಕೇಳಿದೆ: "ಶುಕ್ರವಾರವೇ ಬಂದಿದ್ರೆ?" ಡಾಕ್ಟರು, ಬಂದಿರುವುದರ ಬಗ್ಗೆ ಯೋಚಿಸೋಣ ಎಂದರು. ಒಳ್ಳೆಯವರು. ಆದರೆ ನನಗೆ ಉತ್ತರ ಸಿಕ್ಕಿತು.

ಅಪ್ಪ ಆ ವಾರವೆಲ್ಲ ವಾರ್ಡಿನಲ್ಲಿದ್ದರು. ಗಂಟೆಗೊಮ್ಮೆ ಹನಿ ಹಾಕಬೇಕಿತ್ತು. ಒಂದು ಕಣ್ಣು ಮೊದಲೇ ಇಲ್ಲ, ಇನ್ನೊಂದಕ್ಕೆ ಹನಿ ಹಾಕಿದ ಮೇಲೆಲ್ಲ ಕಟ್ಟು. ಹತ್ತಿರ ಬಂದವರು ಯಾರೆಂದು ತಿಳಿಯದೆ ಅವರು ಬೆಚ್ಚಿಬೀಳುತ್ತಿದ್ದರು. ಇದನ್ನು ಮೊದಲ ದಿನವೇ ಗಮನಿಸಿದ ಸಿಸ್ಟರ್ ಬಾಗಿಲಿನಿಂದಲೇ ಮಾತಾಡಿಕೊಂಡು ಬರತೊಡಗಿದರು. "ಅಪ್ಪಾಜಿ, ನಾನು. ಈಗ ನಿಮ್ಮ ಭುಜಕ್ಕೆ ಕೈ ಇಡ್ತೀನಿ. ಈಗ ಕೆನ್ನೆಗೆ ಬೆರಳು ತಾಗುತ್ತೆ. ತಣ್ಣಗೆ ಒಂದು ಹನಿ." ತಟ್ಟೆ ತಂದಾಗ ಅಪ್ಪನ ಬೆರಳು ಹಿಡಿದು ಮುಟ್ಟಿಸಿ ತೋರಿಸುತ್ತಿದ್ದರು: ನಿಮ್ಮ ಕಡೆ ಇಡ್ಲಿ, ಆಚೆ ಕಡೆ ಚಟ್ನಿ, ಬಲಗಡೆ ನೀರು, ಮುಚ್ಚಿದೆ. ಇನ್ನೊಬ್ಬರು ನರ್ಸ್ ಡ್ಯೂಟಿಗೆ ಬಂದರೆ ಅವರಿಗೂ ಅದನ್ನೇ ಹೇಳಿಕೊಟ್ಟು ಹೋಗುತ್ತಿದ್ದರು. ನಾನು ಅವರನ್ನು ನೋಡುತ್ತಾ, ಜೋಪಾನವೆಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದವಳು, ಮತ್ತೆ ಮೊದಲಿಂದ ಕಲಿಯುತ್ತಿದ್ದೆ.

ಕಟ್ಟು ಪೂರ್ತಿ ಬಿಚ್ಚಿದ ದಿನ ಡಾಕ್ಟರು ಟಾರ್ಚ್ ಹಾಕಿದರು.

"ಬೆಳಕು ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಎಷ್ಟು ಬೆರಳು?"

ಅಪ್ಪ ಮುಖವನ್ನು ಆಚೀಚೆ ತಿರುಗಿಸಿ ಕೇಳಿದರು: "ಬೆರಳು ಎಲ್ಲಿ ಹಿಡಿದಿದ್ದೀರಿ?"

ಅಷ್ಟೇ ಉಳಿದದ್ದು. ಹಗಲು, ಕತ್ತಲೆ, ಕಣ್ಣಿನ ಮುಂದೆ ಕೈ ಬೀಸಿದರೆ ಒಂದು ನೆರಳು.

ಹೊರಡುವ ದಿನ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಅವತ್ತು ನಾನು ಕೇಳಿದ ರೀತಿ ಸರಿ ಇರ್ಲಿಲ್ಲ ಅನ್ಸುತ್ತೆ. ಜೇನು, ಎದೆಹಾಲು ಅಂತ ಪಟ್ಟಿ ಓದಿಬಿಟ್ಟೆ. ಕೇಳಿಸ್ಕೊಂಡೋರಿಗೆ ಪರೀಕ್ಷೆ ತರ ಆಗಿರ್ಬೇಕು. ಈಗ ಬೇರೆ ತರ ಕೇಳ್ತಿದ್ದೀನಿ, ಕಣ್ಣಿಗೆ ಕಸ ಬಿದ್ರೆ ತೆಗ್ಯೋರು ನಿಮ್ಮೂರಲ್ಲಿ ಯಾರು ಅಂತ. ನಿನ್ನೆ ಒಬ್ಬಜ್ಜಿ ತಕ್ಷಣ ಹೆಸರು ಹೇಳಿದ್ಲು" ಎಂದರು. ತಪ್ಪನ್ನು ಅವರು ಅಷ್ಟು ಸಲೀಸಾಗಿ ತಮ್ಮ ಕಡೆಗೆ ಎಳೆದುಕೊಂಡರು.

ಕಣ್ಣಿಗೆ ನಂಜಾಯಿತು ಎಂದಷ್ಟೇ ಲೇತ್ ಮಾಮನಿಗೆ ಹೇಳಿದೆವು. ಅದು ಅಪ್ಪನ ಅಪ್ಪಣೆ. "ಗೊತ್ತಾದ್ರೆ ಅವನು ಅನ್ನ ಬಿಡ್ತಾನೆ." ಮಾಮ ದಿನಾ ಬಂದು ಅಪ್ಪನ ಕೈ ಹಿಡಿದು ವರಾಂಡದಿಂದ ರಸ್ತೆಯ ತಿರುವಿನವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ನಡೆಸುತ್ತಾ ಆಸ್ಪತ್ರೆಯನ್ನು ಬೈಯುತ್ತಿದ್ದರು. ಕಟಿಂಗ್ ಶಾಪಿನಲ್ಲಿ, ಹಾಲಿನ ಬೂತಿನಲ್ಲಿ ಎಲ್ಲರಿಗೂ ಹೇಳಿದರು. ಕೆಲವರು ನನ್ನನ್ನು ತಡೆದು ಕೇಳಿದರು: "ನಿಮ್ಮ ತಂದೆ ಕಣ್ಣು ಆ ನರ್ಸ್‌ಗಳು ಹಾಳು ಮಾಡಿದ್ರಂತೆ?" ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ನೀಲಿ ಬಟ್ಟೆಯ ಆ ಹೆಂಗಸು ಆ ಹೊತ್ತಿನಲ್ಲಿ ಇನ್ಯಾರದೋ ಭುಜಕ್ಕೆ ಕೈಯಿಟ್ಟು 'ನಾನು' ಎನ್ನುತ್ತಿದ್ದಿರಬೇಕು.

ಹೀಗೆ ನಾಲ್ಕೈದು ತಿಂಗಳು ಕಳೆದವು. ಮಾಮನ ಪೊರೆ ಬಲಿಯುತ್ತಿತ್ತು. ಒಂದು ದಿನ ಅಪ್ಪನನ್ನು ನಡೆಸಿಕೊಂಡು ಹೋದವರು ಮೋರಿಯ ಅಂಚು ಕಾಣದೆ ಕಾಲಿಟ್ಟು ಇಬ್ಬರೂ ಬಿದ್ದರು. ಮಾಮನ ಮೊಣಕಾಲು ತರಚಿಹೋಗಿತ್ತು. ವರಾಂಡದಲ್ಲಿ ಕೂರಿಸಿ ನಾನು ಗಾಯ ತೊಳೆಯುತ್ತಿದ್ದೆ.

"ಇನ್ನಾದ್ರೂ ಮಾಡಿಸ್ಕೋ" ಎಂದರು ಅಪ್ಪ.

"ಎಲ್ಲಿ? ಆ ಕಸಾಯಿಖಾನೇಲಾ? ನಿನ್ನ ನೋಡಿದ ಮೇಲೂನಾ? ಸತ್ರೂ ಹೋಗಲ್ಲ ಪಾ. ಈ ಕಣ್ಣು ಎಷ್ಟು ದಿನ ನಡೆಯುತ್ತೋ ನಡೀಲಿ."

ಅಪ್ಪ ಮಾಮನ ದನಿಯ ಕಡೆ ಮುಖ ತಿರುಗಿಸಿದರು. ಆಮೇಲೆ, ಲೋಹ ಹದಕ್ಕೆ ಬಂದಿಲ್ಲ ಎಂದು ಹೇಳುವ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದರು: "ಆಸ್ಪತ್ರೆಯವರು ಸರಿಯಾಗೇ ಮಾಡಿದ್ರು. ನಾನು ಎರಡು ದಿನ ಚೆನ್ನಾಗಿ ನೋಡಿದೆ. ಹೋಗಿದ್ದು ನೀನು ನಾಲಿಗೆ ಹಾಕಿದ್ರಿಂದ."

ಮಾಮನ ಕಾಲು ನನ್ನ ಕೈಯಲ್ಲಿ ಬಿಗಿಯಾಯಿತು.

"ನಾನಾ?"

"ಕೇಳಿದ್ದು ನಾನು. ಮಾಡಿದ್ದು ನೀನು. ಇಬ್ರಿಗೂ ಗೊತ್ತಿರಲಿಲ್ಲ."

"ಇವಳಿಗೆ... ಪಾಪುಗೆ ಗೊತ್ತಾ?"

"ಅವಳು ಬಾಗಿಲಲ್ಲಿ ಟ್ರೇ ಹಿಡ್ಕೊಂಡು ನಿಂತಿದ್ಲು. ನಿನ್ನ ಹೆಗಲ ಮೇಲಿಂದ ನಂಗೆ ಕಾಣ್ತಿತ್ತು."

ಆ ಕಣ್ಣು ಕೊನೆಗೆ ಸ್ಪಷ್ಟವಾಗಿ ನೋಡಿದವುಗಳಲ್ಲಿ ಅದೂ ಒಂದು ಎಂದು ನನಗೆ ಆಗ ತಿಳಿಯಿತು. ಅಪ್ಪ ಅದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಯಾಕೆ ತಡೆಯಲಿಲ್ಲವೆಂದು ಕೇಳಿಯೂ ಇರಲಿಲ್ಲ. ನಾನು ಹತ್ತಿಯನ್ನು ಗಾಯದ ಮೇಲೆ ಒತ್ತಿಕೊಂಡೇ ಇದ್ದೆ.

"ಹೋಗಿ ಮಾಡಿಸ್ಕೋ" ಎಂದರು ಅಪ್ಪ ಮತ್ತೆ. "ಯಾರನ್ನೂ ಹತ್ತಿರ ಸೇರಿಸ್ಬೇಡ."

ಮಾಮ ಎದ್ದು, ಚಪ್ಪಲಿ ಹುಡುಕದೆ, ಬರಿಗಾಲಿನಲ್ಲಿ ಕುಂಟುತ್ತಾ ಹೋದರು. ಸಂಜೆ ಚಪ್ಪಲಿ ಕೊಡಲು ಹೋದರೆ ಬಾಗಿಲು ತೆರೆದದ್ದು ಅವರ ಸೊಸೆ. ಮಾಮ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮರುದಿನ ಬರಲಿಲ್ಲ. ಆ ವಾರ ಬರಲಿಲ್ಲ. ಅಪ್ಪ ತಿರುವಿನವರೆಗೆ ನಡೆಯುವುದನ್ನು ಬಿಟ್ಟರು.

ಇದೆಲ್ಲ ಆಗಿ ಒಂದು ವರ್ಷ ದಾಟಿದೆ. ಗ್ರಂಥಾಲಯದಲ್ಲಿ ಯಾರಾದರೂ ಹುಡುಗರು ಪುಟ ತಿರುವಲು ಬೆರಳನ್ನು ನಾಲಿಗೆಗೆ ತಾಗಿಸಿದರೆ ಈಗಲೂ ಎದ್ದು ಕಪಾಟುಗಳ ನಡುವೆ ಹೋಗಿ ನಿಲ್ಲುತ್ತೇನೆ. ಅಡುಗೆಮನೆ, ಎರಡನೆಯ ಮುಕ್ಕಳಿಕೆಯ ಸದ್ದು, ಬಾಗಿಲು. ಪ್ರತಿ ಸಲವೂ ಇನ್ನೊಂದು ಹೆಜ್ಜೆ ಮುಂದಿಡಲು ನೋಡುತ್ತೇನೆ. ಪ್ರತಿ ಸಲವೂ ಜಾಗ ಹುಡುಕುತ್ತೇನೆ.

ಮಾಮ ಆಪರೇಷನ್ ಮಾಡಿಸಿಕೊಂಡರೆಂದು ನನಗೆ ಗೊತ್ತಾದದ್ದು ಸಿಸ್ಟರಿಂದ. ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ನಿಮ್ಮ ಬೀದಿಯವರೊಬ್ರು ಬಂದಿದ್ರು. ಏನು ಕೇಳಿದ್ರೂ ಕೈ ಮುಗೀತಿದ್ರು. ಡ್ರಾಪ್ಸ್ ಹಾಕುವಾಗ ಬಾಯಿಗೆ ಟವೆಲ್ ಕಟ್ಕೊಂಡು ಕೂತಿದ್ರು ಮಾರಾಯ್ತಿ, ತಮ್ಮ ಬಾಯಿಗೆ ತಾವೇ" ಎಂದರು.

ಅದೇ ವಾರದ ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಅಪ್ಪನ ಉಗುರು ಕತ್ತರಿಸುತ್ತಿದ್ದೆ. ತಲೆ ಎತ್ತಿದರೆ ರಸ್ತೆಯ ಆಚೆ ಬದಿಯಲ್ಲಿ ಕರೆಂಟ್ ಕಂಬದ ಪಕ್ಕ ಲೇತ್ ಮಾಮ ನಿಂತಿದ್ದರು. ಕಪ್ಪು ಕನ್ನಡಕ. ಅಪ್ಪನನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ನೋಡಿದ್ದು ಕಂಡು, ಹೇಳಬೇಡ ಎಂದು ಕೈಯಾಡಿಸಿದರು.

"ಅಪ್ಪ, ಮಾಮ ಬಂದಿದ್ದಾರೆ. ರಸ್ತೆ ಆಚೆ ನಿಂತಿದ್ದಾರೆ" ಎಂದೆ. ತಕ್ಷಣವೇ ಎಂದೆ.

ಅಪ್ಪನ ಬೆರಳುಗಳು ನನ್ನ ಕೈಯಲ್ಲಿ ನಿಂತವು. "ಮಾಡಿಸ್ಕೊಂಡ್ನಾ?"

"ಹೂಂ, ಸಿಸ್ಟರ್ ಹೇಳಿದ್ರು. ಕನ್ನಡಕ ಹಾಕಿದ್ದಾರೆ. ನಾಲ್ಕು ದಿನ ಆಗಿರ್ಬೇಕು."

ಅಪ್ಪ ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ಸ್ವಲ್ಪ ತಪ್ಪಾಗಿ, ಕಂಬಕ್ಕಿಂತ ತುಸು ಎಡಕ್ಕೆ. "ಏಯ್" ಎಂದು ಕೂಗಿದರು. "ಧೂಳಲ್ಲಿ ಯಾಕೋ ನಿಂತಿದ್ದೀಯಾ? ಲಾರಿ ಓಡಾಡುತ್ತೆ ಇಲ್ಲಿ. ಮನೆಗೆ ಹೋಗು."

ಮಾಮನ ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದವರು ಅರ್ಧಕ್ಕೇ ತಡೆದು ಇಳಿಸಿದರು. ಆಮೇಲೆ ತಿರುಗಿ ಹೊರಟರು.

"ಹೋದ್ನಾ?"

"ಹೋಗ್ತಿದ್ದಾರೆ."

"ಹೇಗೆ ನಡೀತಾನೆ?"

ನಾನು ಎದ್ದು ನಿಂತು ನೋಡಿದೆ. ಮಾಮ ತಡವರಿಸದೆ, ತಡಕದೆ, ರಸ್ತೆಯ ಬದಿ ಹಿಡಿದು ಹೋಗುತ್ತಿದ್ದರು.

"ನೆಟ್ಟಗೆ ನಡೀತಿದ್ದಾರೆ ಅಪ್ಪ" ಎಂದೆ.

"ಹೂಂ" ಎಂದು ಅಪ್ಪ ಉಳಿದ ಕೈಯನ್ನು ನನ್ನ ಕಡೆ ಚಾಚಿದರು. ನಾನು ಕತ್ತರಿಯನ್ನು ಕೆಳಗಿಟ್ಟು ಅದನ್ನು ಹಿಡಿದುಕೊಂಡು ಕೂತೆ.